ವಿಮಾನ ಕಳುಹಿಸಿದರಷ್ಟೇ ಸಾಲದು

2025ರ ಮಾರ್ಚ್ 10ರಂದು ಭಾರತೀಯ ವಾಯುಪಡೆಯ ವಿಮಾನವೊಂದು ಥಾಯ್ಲೆಂಡ್‌ನ ಮೇ ಸೋಟ್ ಎಂಬ ಗಡಿ ಪಟ್ಟಣದಿಂದ 283 ಭಾರತೀಯರನ್ನು ಹೊತ್ತು ತಾಯ್ನಾಡಿಗೆ ಮರಳಿತು. ಮರುದಿನ ಇನ್ನೂ 266 ಮಂದಿ ಬಂದರು. ಇವರು ಯುದ್ಧದಲ್ಲಿ ಸಿಲುಕಿದವರಲ್ಲ, ಪ್ರವಾಹದಲ್ಲಿ ಮನೆ ಕಳೆದುಕೊಂಡವರೂ ಅಲ್ಲ. ಒಳ್ಳೆಯ ಸಂಬಳದ ಕೆಲಸ ಸಿಗುತ್ತದೆಂದು ನಂಬಿ ಹೋದವರು. ಮ್ಯಾನ್ಮಾರ್ ಗಡಿಯೊಳಗಿನ ಸೈಬರ್ ವಂಚನೆ ಕೇಂದ್ರಗಳಿಂದ ಬಿಡುಗಡೆಯಾಗಿ ಬಂದವರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಂಟು ತಿಂಗಳಲ್ಲಿ ಅದೇ ಮೇ ಸೋಟ್‌ಗೆ ವಾಯುಪಡೆಯ ವಿಮಾನಗಳು ಮತ್ತೆ ಹೋಗಬೇಕಾಯಿತು. ನವೆಂಬರ್ 6ರಂದು 270 ಮಂದಿ, 10ರಂದು 197 ಮಂದಿ ಮರಳಿದರು. ನಮ್ಮವರನ್ನು ಕರೆತಂದ ಸರ್ಕಾರದ ಕೆಲಸ ಮೆಚ್ಚುವಂಥದ್ದೇ. ಆದರೆ ಒಂದೇ ಊರಿಗೆ, ಒಂದೇ ಕಾರಣಕ್ಕೆ, ಒಂದೇ ವರ್ಷದಲ್ಲಿ ಎರಡು ಸಲ ವಿಮಾನ ಕಳುಹಿಸಬೇಕಾಗುತ್ತದೆ ಎಂದರೆ ಎಲ್ಲೋ ಏನೋ ತಪ್ಪಿದೆ. ಸೋರುವ ನಲ್ಲಿಯನ್ನು ಹಾಗೇ ಬಿಟ್ಟು ನೆಲ ಒರೆಸುತ್ತಿದ್ದೇವೆಯೇ?

ಈ ಪ್ರಶ್ನೆ ವಿದೇಶಾಂಗ ಸಚಿವಾಲಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಈ ಪುಟ ಓದುವ ನಮಗೆ ಅದು ಇನ್ನೂ ಹತ್ತಿರದ್ದು. ಏಕೆಂದರೆ ಈ ಜಾಲ ಹುಡುಕುತ್ತಿರುವುದು ನಮ್ಮಂಥವರನ್ನೇ: ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಬಳಸಬಲ್ಲ, ಕೆಲಸಕ್ಕಾಗಿ ಕಾಯುತ್ತಿರುವ ಯುವಜನರನ್ನು.

ಬಲೆ ಹೀಗಿರುತ್ತದೆ

ಮಾನವ ಕಳ್ಳಸಾಗಣೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬಡ ಹಳ್ಳಿಯ ಅಕ್ಷರ ಗೊತ್ತಿಲ್ಲದ ಹೆಣ್ಣುಮಗಳು, ಅವಳನ್ನು ಪುಸಲಾಯಿಸಿ ನಗರಕ್ಕೆ ಕರೆದೊಯ್ಯುವ ದಲ್ಲಾಳಿ. ಅದು ಇಂದಿಗೂ ನಿಜವೇ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಮುಖ ಸೇರಿಕೊಂಡಿದೆ. 2022ರ ಸೆಪ್ಟೆಂಬರ್‌ನಲ್ಲೇ ನಮ್ಮ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಪ್ರಕಟಣೆ ಹೊರಡಿಸಿತ್ತು. ಥಾಯ್ಲೆಂಡ್‌ನಲ್ಲಿ ‘ಡಿಜಿಟಲ್ ಸೇಲ್ಸ್ ಮತ್ತು ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್’ ಹುದ್ದೆಯ ಆಸೆ ತೋರಿಸಿ, ಐಟಿ ಕೌಶಲವಿರುವ ಯುವಕರನ್ನು ಸಾಮಾಜಿಕ ಜಾಲತಾಣಗಳ ಜಾಹೀರಾತು ಹಾಗೂ ದುಬೈ ಮತ್ತು ಭಾರತದ ಏಜೆಂಟರ ಮೂಲಕ ಸೆಳೆಯಲಾಗುತ್ತಿದೆ. ಬಳಿಕ ಅಕ್ರಮವಾಗಿ ಗಡಿ ದಾಟಿಸಿ, ಹೆಚ್ಚಾಗಿ ಮ್ಯಾನ್ಮಾರ್‌ಗೆ ಒಯ್ದು, ಒತ್ತೆಯಲ್ಲಿಟ್ಟು ದುಡಿಸಲಾಗುತ್ತಿದೆ ಎಂಬುದು ಅದರ ಸಾರ.

ದಾರಿ ಸರಳ. ಬೆಂಗಳೂರು, ಚೆನ್ನೈ, ಕೊಚ್ಚಿ, ಎಲ್ಲಿಂದಲಾದರೂ ಬ್ಯಾಂಕಾಕ್‌ಗೆ ಪ್ರವಾಸಿಯಾಗಿ ಹಾರಬಹುದು. ವಿಮಾನ ನಿಲ್ದಾಣದಲ್ಲಿ ಕಂಪನಿಯ ಕಾರು ಕಾದಿರುತ್ತದೆ. ಕಾರು ಬ್ಯಾಂಕಾಕ್‌ನ ಕಚೇರಿಗೆ ಹೋಗುವ ಬದಲು ಸುಮಾರು 500 ಕಿಲೋಮೀಟರ್ ದೂರದ ಮೇ ಸೋಟ್ ಕಡೆಗೆ ಹೊರಡುತ್ತದೆ. ಅಲ್ಲಿ ಮೋಯ್ ಎಂಬ ನದಿಯೇ ಎರಡು ದೇಶಗಳ ಗಡಿ. ಆಚೆ ದಡದಲ್ಲಿ ಮ್ಯಾನ್ಮಾರ್‌ನ ಮ್ಯಾವಡಿ. ಅದರ ಸುತ್ತಮುತ್ತ ಶ್ವೆ ಕೊಕ್ಕೊ, ಕೆಕೆ ಪಾರ್ಕ್‌ನಂತಹ ಎತ್ತರದ ಗೋಡೆಗಳ ಕಟ್ಟಡ ಸಮುಚ್ಚಯಗಳು. ಒಳಗೆ ಹೋದ ಮೇಲೆ ಪಾಸ್‌ಪೋರ್ಟ್ ಕೈತಪ್ಪುತ್ತದೆ. ‘ನಿನ್ನನ್ನು ಇಷ್ಟು ಹಣ ಕೊಟ್ಟು ಕೊಂಡಿದ್ದೇವೆ, ಅದನ್ನು ತೀರಿಸಿ ಹೋಗು’ ಎಂಬ ಲೆಕ್ಕ ಎದುರಾಗುತ್ತದೆ. ಕೆಲಸವೇನು? ಸುಳ್ಳು ಪ್ರೊಫೈಲ್ ಇಟ್ಟುಕೊಂಡು ಅಪರಿಚಿತರೊಡನೆ ಸ್ನೇಹ, ಪ್ರೀತಿಯ ಮಾತಾಡಿ ನಕಲಿ ಹೂಡಿಕೆಗೆ ಸೆಳೆಯುವುದು. ಗುರಿ ಮುಟ್ಟದಿದ್ದರೆ ಹೊಡೆತ, ಉಪವಾಸ, ವಿದ್ಯುತ್ ಶಾಕ್. ಹಿಂದಿರುಗಿದವರು ಮತ್ತೆ ಮತ್ತೆ ಹೇಳಿರುವುದು ಇದನ್ನೇ.

ಇದು ಮ್ಯಾನ್ಮಾರ್‌ಗೆ ಸೀಮಿತವಲ್ಲ. ಕಾಂಬೋಡಿಯಾದ ಸಿಹಾನೂಕ್‌ವಿಲ್, ಲಾವೋಸ್‌ನ ಬೊಕಿಯೊ ಪ್ರಾಂತ್ಯದ ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ ಕೂಡ ಇದೇ ಕುಖ್ಯಾತಿ ಪಡೆದಿವೆ. 2024ರ ಆಗಸ್ಟ್‌ನಲ್ಲಿ ಲಾವೋಸ್‌ನ ಆ ವಲಯದಿಂದ 47 ಭಾರತೀಯರನ್ನು ನಮ್ಮ ರಾಯಭಾರ ಕಚೇರಿ ಬಿಡಿಸಿತು. ಅದೇ ವರ್ಷದ ಮಾರ್ಚ್ ವೇಳೆಗೆ ಕಾಂಬೋಡಿಯಾದಿಂದ ಸುಮಾರು 250 ಮಂದಿಯನ್ನು ಕರೆತಂದಿರುವುದಾಗಿ ಸರ್ಕಾರ ತಿಳಿಸಿತ್ತು. ಹೀಗೆ ಸಿಲುಕಿದವರಲ್ಲಿ ಕರ್ನಾಟಕದ ಯುವಕರೂ ಇದ್ದರು.

ವ್ಯಾಪ್ತಿ ಎಷ್ಟು ದೊಡ್ಡದು? ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನರನ್ನು ಬಲವಂತದಿಂದ ಆನ್‌ಲೈನ್ ವಂಚನೆಗೆ ಹಚ್ಚಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನ ವರದಿಯಲ್ಲಿ ಅಂದಾಜಿಸಿತು. ನಮ್ಮ ವಲಸೆ ಬ್ಯೂರೊದ ಅಂಕಿಅಂಶ ಇನ್ನೊಂದು ಸುಳಿವು ಕೊಡುತ್ತದೆ. 2022ರ ಜನವರಿಯಿಂದ 2024ರ ಮೇವರೆಗೆ ಸಂದರ್ಶಕ ವೀಸಾದಲ್ಲಿ ಥಾಯ್ಲೆಂಡ್, ಕಾಂಬೋಡಿಯಾ, ಮ್ಯಾನ್ಮಾರ್ ಮತ್ತು ವಿಯೆಟ್ನಾಂಗೆ ಹೋದವರಲ್ಲಿ 29,466 ಮಂದಿ ಮರಳಿರಲಿಲ್ಲ. ಅವರೆಲ್ಲರೂ ಬಲೆಗೆ ಬಿದ್ದವರೆಂದು ಹೇಳಲಾಗದು. ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 20ರಿಂದ 39ರ ವಯಸ್ಸಿನವರು ಎಂಬುದನ್ನು ಕಡೆಗಣಿಸಲೂ ಆಗದು.

ಒಂದೇ ಅಪರಾಧ, ಎರಡು ಬಲಿ

ಈ ದಂಧೆಯಲ್ಲಿ ಒಂದು ವಿಚಿತ್ರವಿದೆ. ಮಾದಕ ವಸ್ತು ಸಾಗಿಸುವವನಿಗೆ ಖರೀದಿದಾರ ಬೇಕು. ಇಲ್ಲಿ ಸಾಗಿಸಲ್ಪಟ್ಟ ಮನುಷ್ಯನನ್ನೇ ಬಳಸಿ ಇನ್ನೊಬ್ಬ ಮನುಷ್ಯನನ್ನು ದೋಚಲಾಗುತ್ತದೆ. ಭಾರತೀಯರನ್ನು ಮೋಸಗೊಳಿಸಲು ಭಾರತದ ಭಾಷೆ ಬಲ್ಲವರು ಬೇಕು. ಅದಕ್ಕಾಗಿಯೇ ಭಾರತೀಯರಿಗೆ ಬೇಡಿಕೆ. ‘ಡಿಜಿಟಲ್ ಅರೆಸ್ಟ್’ ಕುರಿತು ಪ್ರಧಾನಿಯವರೇ 2024ರ ಅಕ್ಟೋಬರ್‌ನ ಮನ್ ಕಿ ಬಾತ್‌ನಲ್ಲಿ ಎಚ್ಚರಿಸಬೇಕಾಯಿತು. ಆ ವರ್ಷದ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇಂಥದ್ದೇ ಮೋಸಕ್ಕೆ 11.8 ಕೋಟಿ ರೂಪಾಯಿ ಕಳೆದುಕೊಂಡ ಸುದ್ದಿ ನಮಗೆಲ್ಲ ನೆನಪಿದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಪ್ರಕಾರ, 2024ರ ಮೊದಲ ನಾಲ್ಕು ತಿಂಗಳಲ್ಲಿ ವರದಿಯಾದ ಸೈಬರ್ ವಂಚನೆಗಳಲ್ಲಿ ಶೇ 46ರಷ್ಟರ ಮೂಲ ಮ್ಯಾನ್ಮಾರ್, ಕಾಂಬೋಡಿಯಾ ಮತ್ತು ಲಾವೋಸ್. ಅವುಗಳಿಂದ ಆದ ನಷ್ಟ ಅಂದಾಜು 1,776 ಕೋಟಿ ರೂಪಾಯಿ.

ಅಂದರೆ ಕರೆಯ ಆ ತುದಿಯಲ್ಲಿ ಕೆಲಸ ಹುಡುಕಿ ಹೋದ ಮಗ, ಈ ತುದಿಯಲ್ಲಿ ನಿವೃತ್ತಿಯ ಹಣ ಕಳೆದುಕೊಳ್ಳುವ ತಂದೆ. ಇಬ್ಬರೂ ಒಂದೇ ದೇಶದವರು. ಆದರೆ ನಮ್ಮ ವ್ಯವಸ್ಥೆಯಲ್ಲಿ ಒಂದು ಪ್ರಕರಣ ಸೈಬರ್ ಠಾಣೆಗೆ, ಇನ್ನೊಂದು ಕಳ್ಳಸಾಗಣೆ ವಿರೋಧಿ ಘಟಕಕ್ಕೆ ಹೋಗುತ್ತದೆ. ಒಂದೇ ಹಾವಿನ ತಲೆ ಒಬ್ಬರ ಕೈಯಲ್ಲಿ, ಬಾಲ ಇನ್ನೊಬ್ಬರ ಕೈಯಲ್ಲಿ.

ಒಪ್ಪಂದಗಳಿಗೆ ಬರವಿಲ್ಲ

ಹಾಗಾದರೆ ಸರ್ಕಾರಗಳು ಒಟ್ಟಾಗಿ ಏನೂ ಮಾಡಿಲ್ಲವೇ? ಕಾಗದದ ಮೇಲೆ ಬಹಳಷ್ಟು ಮಾಡಿವೆ. ಎಲ್ಲಕ್ಕೂ ತಳಹದಿ 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪಲೆರ್ಮೊ ಪ್ರೋಟೊಕಾಲ್. ಭಾರತ 2011ರಲ್ಲಿ ಇದನ್ನು ಅನುಮೋದಿಸಿತು. ಇದರ ಪ್ರಕಾರ ಕಳ್ಳಸಾಗಣೆಗೆ ಮೂರು ಅಂಗಗಳು. ಕೃತ್ಯ: ನೇಮಿಸುವುದು, ಸಾಗಿಸುವುದು ಅಥವಾ ಇರಿಸಿಕೊಳ್ಳುವುದು. ವಿಧಾನ: ಬಲವಂತ, ವಂಚನೆ, ಅಸಹಾಯಕತೆಯ ದುರ್ಬಳಕೆ. ಉದ್ದೇಶ: ಶೋಷಣೆ. ಇಂಥ ವಿಧಾನ ಬಳಸಿದ್ದರೆ ಬಲಿಪಶು ‘ಒಪ್ಪಿ ಹೋಗಿದ್ದ’ ಎಂಬುದಕ್ಕೆ ಬೆಲೆಯಿಲ್ಲ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಕೂಡ ಸಮ್ಮತಿ ಮುಖ್ಯವಲ್ಲ ಎಂದೇ ಹೇಳುತ್ತದೆ. ‘ತಾನೇ ಟಿಕೆಟ್ ತೆಗೆದುಕೊಂಡು ಹೋದನಲ್ಲ, ಅನುಭವಿಸಲಿ’ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ಪ್ರಾದೇಶಿಕ ಒಪ್ಪಂದಗಳು. ಸಾರ್ಕ್ ದೇಶಗಳು 2002ರ ಜನವರಿಯಲ್ಲಿ ಕಠ್ಮಂಡುವಿನಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದವು. ಅದರ ವ್ಯಾಪ್ತಿ ವೇಶ್ಯಾವಾಟಿಕೆಗಾಗಿ ನಡೆಯುವ ಮಹಿಳೆಯರ ಮತ್ತು ಮಕ್ಕಳ ಸಾಗಣೆ ಮಾತ್ರ. ಅಂದರೆ ವಂಚನೆ ಕೇಂದ್ರಕ್ಕೆ ಮಾರಾಟವಾದ 22 ವರ್ಷದ ಯುವಕ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮೇಲಾಗಿ 2014ರ ನಂತರ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. ಮೆಕಾಂಗ್ ನದಿ ಪ್ರದೇಶದ ಆರು ದೇಶಗಳು, ಅಂದರೆ ಚೀನಾ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಮತ್ತು ವಿಯೆಟ್ನಾಂ, 2004ರಲ್ಲಿ ಯಾಂಗೂನ್‌ನಲ್ಲಿ ‘ಕಮಿಟ್’ ಎಂಬ ಒಪ್ಪಂದ ಮಾಡಿಕೊಂಡವು. ಆಸಿಯಾನ್ ದೇಶಗಳು 2015ರ ನವೆಂಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಸಹಿ ಹಾಕಿದ ಕಳ್ಳಸಾಗಣೆ ವಿರೋಧಿ ಒಡಂಬಡಿಕೆ 2017ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಇದು ಸಾರ್ಕ್‌ನದ್ದಕ್ಕಿಂತ ಎಷ್ಟೋ ವಿಶಾಲವಾದುದು. ಕಾನೂನುಬದ್ಧವಾಗಿ ಬದ್ಧತೆ ಹೇರುವಂಥದ್ದು. ಆದರೆ ಭಾರತ ಆಸಿಯಾನ್ ಸದಸ್ಯನಲ್ಲ.

ದ್ವಿಪಕ್ಷೀಯವಾಗಿ ಭಾರತ 2015ರಲ್ಲಿ ಬಾಂಗ್ಲಾದೇಶದೊಂದಿಗೆ, 2018ರಲ್ಲಿ ಕಾಂಬೋಡಿಯಾದೊಂದಿಗೆ, 2020ರಲ್ಲಿ ಮ್ಯಾನ್ಮಾರ್‌ನೊಂದಿಗೆ ಕಳ್ಳಸಾಗಣೆ ತಡೆಗೆ ತಿಳಿವಳಿಕೆ ಪತ್ರಗಳಿಗೆ ಸಹಿ ಮಾಡಿದೆ. ಮ್ಯಾನ್ಮಾರ್ ಪತ್ರಕ್ಕೆ ಸಹಿ ಬಿದ್ದ ಒಂದೇ ವರ್ಷದಲ್ಲಿ, 2021ರ ಫೆಬ್ರುವರಿ 1ರಂದು, ಅಲ್ಲಿ ಸೇನೆ ಅಧಿಕಾರ ಕಸಿದುಕೊಂಡಿತು. ಅಂತರ್ಯುದ್ಧ ಹಬ್ಬಿತು. ಮ್ಯಾವಡಿಯ ಸುತ್ತಲಿನ ಪ್ರದೇಶ ಸ್ಥಳೀಯ ಸಶಸ್ತ್ರ ಗುಂಪುಗಳ ಹಿಡಿತದಲ್ಲಿದೆ. ನೇಪಿಡಾದ ಹೆಸರಿನಲ್ಲಿ ಸಹಿಯಾದ ಪತ್ರಕ್ಕೆ, ನೇಪಿಡಾದ ಮಾತು ನಡೆಯದ ನದಿ ದಡದಲ್ಲಿ ಏನು ಬೆಲೆ?

ಒಟ್ಟು ಚಿತ್ರ ನೋಡಿ. ಬಲಿಪಶು ಭಾರತದವನು, ದಲ್ಲಾಳಿ ದುಬೈನಲ್ಲಿ, ಹಾದು ಹೋಗುವುದು ಥಾಯ್ಲೆಂಡ್, ಸೆರೆಮನೆ ಮ್ಯಾನ್ಮಾರ್, ದಂಧೆಯ ಒಡೆಯರಲ್ಲಿ ಹಲವರು ಚೀನಾ ಮೂಲದವರು, ದೋಚಿದ ಹಣ ಕ್ರಿಪ್ಟೊಕರೆನ್ಸಿಯಾಗಿ ಎಲ್ಲಿಗೋ. ಅಪರಾಧಿಗಳು ಎರಡು ದಿನದಲ್ಲಿ ಮೂರು ದೇಶ ದಾಟಿಸುತ್ತಾರೆ. ಸರ್ಕಾರಗಳ ನಡುವೆ ಒಂದು ಕಾನೂನು ನೆರವಿನ ಪತ್ರ ದಾಟಲು ತಿಂಗಳುಗಳು ಬೇಕು. ಈ ಸರಪಳಿಯ ಎಲ್ಲ ಕೊಂಡಿಗಳನ್ನೂ ಒಳಗೊಂಡ ಒಂದೇ ಒಂದು ಪ್ರಾದೇಶಿಕ ಒಪ್ಪಂದ ಇಲ್ಲ.

ಮನಸ್ಸು ಮಾಡಿದಾಗ ಏನಾಯಿತು

ಸಹಕಾರ ಅಸಾಧ್ಯವೆಂದಲ್ಲ. 2025ರ ಜನವರಿಯಲ್ಲಿ ವಾಂಗ್ ಶಿಂಗ್ ಎಂಬ ಚೀನಾದ ನಟ ಸಿನಿಮಾ ಅವಕಾಶವೆಂದು ನಂಬಿ ಥಾಯ್ಲೆಂಡ್‌ಗೆ ಹೋಗಿ ಮ್ಯಾನ್ಮಾರ್‌ನ ಇಂಥ ಕೇಂದ್ರದಲ್ಲಿ ಪತ್ತೆಯಾದರು. ಚೀನಾದಲ್ಲಿ ಗದ್ದಲವೆದ್ದಿತು. ಥಾಯ್ಲೆಂಡ್‌ಗೆ ಚೀನೀ ಪ್ರವಾಸಿಗರು ಕಡಿಮೆಯಾಗುವ ಭಯ ಹುಟ್ಟಿತು. ಫೆಬ್ರುವರಿ 5ರಂದು ಥಾಯ್ಲೆಂಡ್ ಗಡಿಯಾಚೆಯ ಐದು ಕಡೆಗಳಿಗೆ ವಿದ್ಯುತ್, ಇಂಟರ್‌ನೆಟ್ ಮತ್ತು ಇಂಧನ ಪೂರೈಕೆ ಕಡಿತಗೊಳಿಸಿತು. ಕೆಲವೇ ವಾರಗಳಲ್ಲಿ ಆ ಗಡಿಯ ಸಶಸ್ತ್ರ ಗುಂಪುಗಳು ಸುಮಾರು 7,000 ಜನರನ್ನು ಕೇಂದ್ರಗಳಿಂದ ಹೊರತಂದವು. ಮಾರ್ಚ್‌ನಲ್ಲಿ ಮರಳಿದ ನಮ್ಮ 549 ಮಂದಿಗೆ ದಾರಿ ತೆರೆದದ್ದು ಇದೇ ಬೆಳವಣಿಗೆ.

ವರ್ಷಗಟ್ಟಲೆ ನಡೆದ ಸಭೆಗಳಿಂದ ಆಗದ್ದು ಒಂದು ಸ್ವಿಚ್ ಆರಿಸಿದ್ದರಿಂದ ಆಯಿತು. ಅಲ್ಲಿಯವರೆಗೂ ಆ ಸ್ವಿಚ್ ಇದ್ದದ್ದು ಥಾಯ್ಲೆಂಡ್ ಕೈಯಲ್ಲೇ. ಸಾವಿರಾರು ಅನಾಮಿಕರು ಸಿಲುಕಿದ್ದಾಗ ಆರದ ದೀಪ ಒಬ್ಬ ನಟ ಸಿಲುಕಿದಾಗ ಆರಿತು ಎಂಬುದು ಕಹಿ ಸತ್ಯ. ಸರ್ಕಾರಗಳಿಗೆ ಸಾಮರ್ಥ್ಯವಿಲ್ಲ ಎನ್ನುವುದಕ್ಕಿಂತ, ತಮಗೆ ನಷ್ಟವಾಗುವವರೆಗೆ ಅವಸರವಿಲ್ಲ ಎನ್ನುವುದೇ ಸರಿ.

ಇನ್ನೊಂದು ಉದಾಹರಣೆ ಫಿಲಿಪ್ಪೀನ್ಸ್‌ನದು. ಬಂಬಾನ್ ಎಂಬ ಪಟ್ಟಣದಲ್ಲಿ ಇಂಥ ಕೇಂದ್ರದ ಮೇಲೆ 2024ರ ಮಾರ್ಚ್‌ನಲ್ಲಿ ದಾಳಿ ನಡೆಯಿತು. ಆ ಊರಿನ ಮೇಯರ್ ಆಗಿದ್ದ ಆಲಿಸ್ ಗುವೊ ದೇಶ ಬಿಟ್ಟು ಪರಾರಿಯಾದರು. ಆ ಸೆಪ್ಟೆಂಬರ್‌ನಲ್ಲಿ ಇಂಡೊನೇಷ್ಯಾ ಪೊಲೀಸರು ಅವರನ್ನು ಬಂಧಿಸಿ, ಕೆಲವೇ ದಿನಗಳಲ್ಲಿ ಫಿಲಿಪ್ಪೀನ್ಸ್‌ಗೆ ಒಪ್ಪಿಸಿದರು. 2025ರ ನವೆಂಬರ್‌ನಲ್ಲಿ ಮಾನವ ಕಳ್ಳಸಾಗಣೆ ಅಪರಾಧಕ್ಕಾಗಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಎರಡೂ ಆಸಿಯಾನ್ ದೇಶಗಳು. ಪೊಲೀಸರು ಪರಸ್ಪರ ಫೋನ್ ಎತ್ತಿ ಮಾತನಾಡುವಷ್ಟು ನಂಟು ಇದ್ದರೆ ಅಧಿಕಾರದಲ್ಲಿದ್ದವರನ್ನೂ ಹಿಡಿಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಒಂದು ಸಲದ ಏಟು ಸಾಲದು ಎಂಬುದಕ್ಕೂ ಮ್ಯಾವಡಿಯೇ ಸಾಕ್ಷಿ. ವಿದ್ಯುತ್ ಹೋದ ಮೇಲೆ ಜನರೇಟರ್ ಬಂದವು. ಇಂಟರ್‌ನೆಟ್ ಹೋದ ಮೇಲೆ ಚಾವಣಿಗಳ ಮೇಲೆ ಸ್ಟಾರ್‌ಲಿಂಕ್ ಉಪಗ್ರಹ ಡಿಶ್‌ಗಳು ಬಂದವು. 2025ರ ಅಕ್ಟೋಬರ್‌ನಲ್ಲಿ ಕೆಕೆ ಪಾರ್ಕ್ ಮೇಲೆ ಮ್ಯಾನ್ಮಾರ್ ಸೇನೆ ದಾಳಿ ಮಾಡಿದ ಸಂದರ್ಭದಲ್ಲಿ, ಶಂಕಿತ ವಂಚನೆ ಕೇಂದ್ರಗಳ ಬಳಿಯ 2,500ಕ್ಕೂ ಹೆಚ್ಚು ಸಾಧನಗಳನ್ನು ನಿಷ್ಕ್ರಿಯಗೊಳಿಸಿರುವುದಾಗಿ ಸ್ಪೇಸ್‌ಎಕ್ಸ್ ಹೇಳಿತು. ಆ ದಾಳಿಯ ವೇಳೆ 1,500ಕ್ಕೂ ಹೆಚ್ಚು ಜನ ನದಿ ದಾಟಿ ಮೇ ಸೋಟ್‌ಗೆ ಓಡಿಬಂದರು. ನವೆಂಬರ್‌ನ ವಿಮಾನಗಳಲ್ಲಿ ಮರಳಿದ ಭಾರತೀಯರು ಇವರ ನಡುವೆ ಇದ್ದವರೇ. ನಾವು ಎಂಜಿನಿಯರಿಂಗ್‌ನಲ್ಲಿ ಓದುವಂತೆ, ಒಂದು ಭಾಗ ಕೆಟ್ಟರೂ ನಿಲ್ಲದಂತೆ ವ್ಯವಸ್ಥೆಯನ್ನು ಕಟ್ಟಬೇಕಾದರೆ ಪರ್ಯಾಯ ದಾರಿಗಳನ್ನು ಮೊದಲೇ ಇಟ್ಟುಕೊಳ್ಳಬೇಕು. ಅಪರಾಧಿಗಳ ಜಾಲ ಹಾಗೆ ಕಟ್ಟಿದ್ದು. ಸರ್ಕಾರಗಳ ಜಾಲ ಹಾಗಿಲ್ಲ.

ಬಲಿಪಶುವೋ, ಆರೋಪಿಯೋ?

ಮರಳಿ ಬಂದವರನ್ನು ಏನೆಂದು ಕರೆಯಬೇಕು? ಅವರು ಮೋಸ ಹೋದವರು. ಆದರೆ ಅವರ ಬೆರಳುಗಳೇ ಟೈಪ್ ಮಾಡಿದ ಸಂದೇಶಗಳಿಂದ ಇತರರು ಮೋಸ ಹೋಗಿದ್ದಾರೆ. ಅವರ ನಡುವೆ ತಿಳಿದೇ ಹೋದವರು, ತಾವೇ ಸ್ನೇಹಿತರನ್ನು ಕರೆಸಿ ಕಮಿಷನ್ ಪಡೆದವರೂ ಇರಬಹುದು. ತನಿಖಾ ಸಂಸ್ಥೆಗಳು ವಿಚಾರಣೆ ನಡೆಸುವುದು ಅನಿವಾರ್ಯ. ಆದರೆ ಎಲ್ಲರನ್ನೂ ಆರೋಪಿಗಳಂತೆ ಕಂಡರೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಏಜೆಂಟ್ ಸಿಗುವುದಿಲ್ಲ.

ಆಸಿಯಾನ್ ಒಡಂಬಡಿಕೆಯ 14ನೇ ವಿಧಿ ಇದಕ್ಕೊಂದು ದಾರಿ ತೋರಿಸುತ್ತದೆ. ಕಳ್ಳಸಾಗಣೆಗೆ ನೇರ ಸಂಬಂಧವಿರುವ ತಪ್ಪುಗಳಿಗಾಗಿ, ಸೂಕ್ತ ಪ್ರಕರಣಗಳಲ್ಲಿ ಬಲಿಪಶುವನ್ನು ಹೊಣೆ ಮಾಡದಿರುವುದನ್ನು ಸದಸ್ಯ ದೇಶಗಳು ಪರಿಗಣಿಸಬೇಕು ಎನ್ನುತ್ತದೆ ಅದು. ನಮ್ಮ 143ನೇ ಸೆಕ್ಷನ್ ಗುಲಾಮಗಿರಿ, ಜೀತ, ಭಿಕ್ಷಾಟನೆ, ಅಂಗಾಂಗ ತೆಗೆಯುವುದು ಮೊದಲಾದವನ್ನು ಶೋಷಣೆ ಎಂದು ಹೆಸರಿಸುತ್ತದೆ. ‘ಬಲವಂತದಿಂದ ಅಪರಾಧ ಮಾಡಿಸುವುದು’ ಎಂಬ ಮಾತು ಅಲ್ಲಿ ನೇರವಾಗಿ ಇಲ್ಲ. ಐರೋಪ್ಯ ಒಕ್ಕೂಟ 2011ರಲ್ಲೇ ತನ್ನ ನಿಯಮದಲ್ಲಿ ಇದನ್ನು ಸೇರಿಸಿತ್ತು. ನಾವೂ ಸೇರಿಸಿದರೆ ಠಾಣೆಯ ಅಧಿಕಾರಿಗೆ ಗೊಂದಲ ಕಡಿಮೆಯಾಗುತ್ತದೆ. ಬಂದವರಿಗೆ ಮಾತನಾಡುವ ಧೈರ್ಯ ಬರುತ್ತದೆ.

ನಮ್ಮ ಕಡೆಯ ಸಡಿಲ ಕೊಂಡಿ

ದೂರದ ಮ್ಯಾವಡಿಯನ್ನು ಬೈದುಕೊಂಡು ಕೂರುವ ಮೊದಲು ನಮ್ಮ ಬಾಗಿಲನ್ನೂ ನೋಡಬೇಕು. ವಿದೇಶಿ ಉದ್ಯೋಗವನ್ನು ನಿಯಂತ್ರಿಸುವ ನಮ್ಮ ವಲಸೆ ಕಾಯ್ದೆ 1983ರದ್ದು. ಅದರ ಪ್ರಕಾರ ವಿದೇಶಕ್ಕೆ ಜನರನ್ನು ನೇಮಿಸುವ ಏಜೆಂಟ್ ನೋಂದಾಯಿಸಿಕೊಂಡಿರಲೇಬೇಕು. ಉಲ್ಲಂಘನೆಗೆ ಕಾಯ್ದೆ ಹೇಳುವ ಶಿಕ್ಷೆ ಎರಡು ವರ್ಷದವರೆಗಿನ ಜೈಲು ಮತ್ತು ಎರಡು ಸಾವಿರ ರೂಪಾಯಿವರೆಗಿನ ದಂಡ. ಲಕ್ಷಗಟ್ಟಲೆ ದುಡಿಯುವ ದಲ್ಲಾಳಿಗೆ ಎರಡು ಸಾವಿರ ಯಾವ ಲೆಕ್ಕ?

ಇನ್ನೊಂದು ಅಂಶ ನಮಗೆ ನೇರವಾಗಿ ತಟ್ಟುವಂಥದ್ದು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಅಲ್ಲಿ ಅವರ ಒಪ್ಪಂದ, ಏಜೆಂಟ್, ಕಂಪನಿ ಎಲ್ಲದರ ಪರಿಶೀಲನೆ ಆಗುತ್ತದೆ. ಹತ್ತನೇ ತರಗತಿ ಪಾಸಾದವರಿಗೆ ಆ ತಪಾಸಣೆ ಬೇಡ. ‘ಓದಿದವರು, ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ’ ಎಂಬ ಭಾವನೆ. ಮೇಲಾಗಿ ಆ 18 ದೇಶಗಳಲ್ಲಿ ಥಾಯ್ಲೆಂಡ್ ಇದೆ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್ ಇಲ್ಲ. 1983ರಲ್ಲಿ ಈ ಯೋಚನೆ ಸರಿಯಿದ್ದಿರಬಹುದು. ಇಂದು ದಂಧೆ ಹುಡುಕುತ್ತಿರುವುದು ಪದವೀಧರರನ್ನು. ಕಾವಲುಗಾರ ಮುಂಬಾಗಿಲಲ್ಲಿ ನಿಂತಿದ್ದಾನೆ, ಕಳ್ಳ ಹಿಂಬಾಗಿಲಿನಿಂದ ಬರುತ್ತಿದ್ದಾನೆ. ಹಳೆಯ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಓದಿದವರಿಗೂ ರಕ್ಷಣೆ ಬೇಕು ಎಂಬ ಮಾತು ಅದರಲ್ಲಿ ಗಟ್ಟಿಯಾಗಿ ಸೇರಬೇಕು.

ಹಾಗೆಂದು ಪ್ರಯಾಣವನ್ನೇ ತಡೆಯುವುದು ಪರಿಹಾರವಲ್ಲ. ವಿಮಾನ ನಿಲ್ದಾಣದಲ್ಲಿ ಯುವಕರನ್ನೆಲ್ಲ ಅನುಮಾನಿಸಿದರೆ ನಿಜವಾದ ಅವಕಾಶ ಹುಡುಕುವವರ ದಾರಿಯೂ ಮುಚ್ಚುತ್ತದೆ. ಬಾಗಿಲು ಮುಚ್ಚಿದಷ್ಟೂ ಕಳ್ಳದಾರಿ ತೋರಿಸುವ ಏಜೆಂಟನ ಬೆಲೆ ಏರುತ್ತದೆ. ತಡೆಯಬೇಕಾದದ್ದು ಏಜೆಂಟನನ್ನು, ಪ್ರಯಾಣಿಕನನ್ನಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಸರಿಯಾದ ವೇದಿಕೆ ಆರಿಸಿಕೊಳ್ಳಬೇಕು. ಸಾರ್ಕ್ ನಿಂತಿದೆ, ಆಸಿಯಾನ್ ನಮ್ಮದಲ್ಲ. ಆದರೆ 1997ರಲ್ಲಿ ಆರಂಭವಾದ ಬಿಮ್‌ಸ್ಟೆಕ್‌ನಲ್ಲಿ ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ ಜೊತೆ ಮ್ಯಾನ್ಮಾರ್ ಮತ್ತು ಥಾಯ್ಲೆಂಡ್ ಎರಡೂ ಇವೆ. ಅಪರಾಧ ಪ್ರಕರಣಗಳಲ್ಲಿ ಪರಸ್ಪರ ಕಾನೂನು ನೆರವಿನ ಒಡಂಬಡಿಕೆಗೆ ಈ ದೇಶಗಳು 2022ರ ಕೊಲಂಬೊ ಶೃಂಗಸಭೆಯಲ್ಲಿ ಸಹಿ ಹಾಕಿವೆ. 2025ರ ಏಪ್ರಿಲ್‌ನ ಬ್ಯಾಂಕಾಕ್ ಶೃಂಗಸಭೆಯಲ್ಲಿ ಭಾರತವು ಗೃಹ ಸಚಿವರ ಮಟ್ಟದ ವ್ಯವಸ್ಥೆಯ ಮೊದಲ ಸಭೆಯನ್ನು ತಾನೇ ನಡೆಸುವುದಾಗಿ ಹೇಳಿತು. ಸೈಬರ್ ಅಪರಾಧ ಮತ್ತು ಮಾನವ ಕಳ್ಳಸಾಗಣೆ ಅದರ ವಿಷಯಗಳ ಪಟ್ಟಿಯಲ್ಲಿವೆ. ಇನ್ನು ಕಾಂಬೋಡಿಯಾ, ಲಾವೋಸ್‌ಗಳಿಗೆ 2000ದಲ್ಲಿ ಹುಟ್ಟಿದ ಮೆಕಾಂಗ್-ಗಂಗಾ ಸಹಕಾರ ವೇದಿಕೆಯಿದೆ. ಪ್ರವಾಸೋದ್ಯಮ, ಸಂಸ್ಕೃತಿ, ಶಿಕ್ಷಣ, ಸಾರಿಗೆಗಾಗಿ ಮಾಡಿದ ಈ ಮೇಜಿನ ಸುತ್ತ ಭಾರತ, ಥಾಯ್ಲೆಂಡ್, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ಎಲ್ಲರೂ ಕೂರುತ್ತಾರೆ. ಈ ವಿಷಯವನ್ನೂ ಅದೇ ಮೇಜಿನ ಮೇಲೆ ಇಡಬಹುದು.

ಎರಡನೆಯದಾಗಿ, ಮಾಹಿತಿ ಹಂಚಿಕೆ ದಿನನಿತ್ಯದ ಕೆಲಸವಾಗಬೇಕು. ಪ್ರತಿ ಬಾರಿ ಬಿಡುಗಡೆಯಾದವರು ಏಜೆಂಟರ ಹೆಸರು, ಫೋನ್ ಸಂಖ್ಯೆ, ಬ್ಯಾಂಕ್ ಖಾತೆ, ಕ್ರಿಪ್ಟೊ ವಿಳಾಸ, ಕಾರಿನ ದಾರಿ ಎಲ್ಲವನ್ನೂ ಹೇಳುತ್ತಾರೆ. ಹೈದರಾಬಾದ್‌ನಲ್ಲಿ ಕೊಟ್ಟ ಹೇಳಿಕೆಯೂ ಬೆಂಗಳೂರಿನಲ್ಲಿ ದಾಖಲಾದ ದೂರೂ ಒಂದೇ ಕಡೆ ಸೇರಿ, ಅಲ್ಲಿಂದ ಬ್ಯಾಂಕಾಕ್‌ನ ಅಧಿಕಾರಿಗೆ ತಲುಪಬೇಕು. ನಮ್ಮ ರಾಜ್ಯಗಳ ನಡುವೆಯೇ ಈ ಹಂಚಿಕೆ ಸರಾಗವಾಗದಿದ್ದರೆ ದೇಶಗಳ ನಡುವೆ ಆಗುವುದು ಹೇಗೆ?

ಮೂರನೆಯದಾಗಿ, ಹಣದ ಹಿಂದೆ ಹೋಗಬೇಕು. 2025ರ ಅಕ್ಟೋಬರ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ಒಟ್ಟಾಗಿ ಕಾಂಬೋಡಿಯಾದ ಪ್ರಿನ್ಸ್ ಗ್ರೂಪ್ ಮೇಲೆ ನಿರ್ಬಂಧ ಹೇರಿದವು. ಅಮೆರಿಕ ಸುಮಾರು 1,500 ಕೋಟಿ ಡಾಲರ್ ಮೌಲ್ಯದ ಬಿಟ್‌ಕಾಯಿನ್ ಮುಟ್ಟುಗೋಲಿಗೆ ಮೊಕದ್ದಮೆ ಹೂಡಿತು. ಗೋಡೆಯೊಳಗಿನ ಕಾವಲುಗಾರನನ್ನು ಹಿಡಿದರೆ ಮರುದಿನ ಇನ್ನೊಬ್ಬ ಬರುತ್ತಾನೆ. ಖಜಾನೆಗೆ ಕೈ ಹಾಕಿದರೆ ಮಾತ್ರ ಒಡೆಯನಿಗೆ ನೋವಾಗುತ್ತದೆ. ಹೆಚ್ಚು ಜನ ಮೋಸ ಹೋಗುತ್ತಿರುವ ಏಷ್ಯಾದ ದೇಶಗಳು ಇದನ್ನು ತಾವೇ ಒಟ್ಟಾಗಿ ಮಾಡಬೇಕಲ್ಲವೇ?

ನಮ್ಮ ಪಾಲಿನ ಕೆಲಸ

ಸರ್ಕಾರಗಳು ಮಾಡುವವರೆಗೆ ನಾವು ಕಾಯುತ್ತ ಕೂರಬೇಕಿಲ್ಲ. ಅಂತಿಮ ವರ್ಷದ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ‘ಅನುಭವ ಬೇಡ, ಟೈಪಿಂಗ್ ಸಾಕು, ಊಟ ವಸತಿ ಉಚಿತ’ ಎಂಬ ವಿದೇಶಿ ಉದ್ಯೋಗದ ಸಂದೇಶಗಳು ಬರುವುದು ಹೊಸದೇನಲ್ಲ. ಕ್ಯಾಂಪಸ್ ಆಯ್ಕೆ ಕಡಿಮೆಯಾದ ವರ್ಷ ಅಂಥ ಸಂದೇಶ ಇನ್ನಷ್ಟು ಸುಂದರವಾಗಿ ಕಾಣುತ್ತದೆ. ಶಿಕ್ಷಣ ಸಾಲದ ಕಂತು, ಮನೆಯವರ ನಿರೀಕ್ಷೆ, ‘ಪಕ್ಕದ ಮನೆಯವನು ಸೆಟ್ಲ್ ಆದ’ ಎಂಬ ಮಾತು, ಇವೆಲ್ಲ ಸೇರಿ ಅನುಮಾನವನ್ನು ಹತ್ತಿಕ್ಕುತ್ತವೆ. ಬಲೆಗೆ ಬೀಳುವವರು ದಡ್ಡರಲ್ಲ, ಒತ್ತಡದಲ್ಲಿರುವವರು.

ಆದ್ದರಿಂದ ಕೆಲವು ಸಣ್ಣ ಪ್ರಶ್ನೆಗಳನ್ನು ರೂಢಿ ಮಾಡಿಕೊಳ್ಳೋಣ. ಏಜೆಂಟ್‌ನ ನೋಂದಣಿ ಸಂಖ್ಯೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ? ಕೆಲಸಕ್ಕೆ ಕರೆಯುವವರು ಪ್ರವಾಸಿ ವೀಸಾದಲ್ಲಿ ಬನ್ನಿ ಎನ್ನುತ್ತಿದ್ದಾರೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿ. ಸಂದರ್ಶನ ಬರೀ ಟೆಲಿಗ್ರಾಂನಲ್ಲೇ ಮುಗಿಯಿತೇ? ಕೆಲಸದ ಊರು ಯಾವುದು ಎಂದರೆ ‘ಅಲ್ಲಿಗೆ ಹೋದ ಮೇಲೆ ಹೇಳುತ್ತೇವೆ’ ಎನ್ನುತ್ತಾರೆಯೇ? ಹೊರಡುವ ಮುನ್ನ ಪಾಸ್‌ಪೋರ್ಟ್ ಪ್ರತಿ, ಕಂಪನಿಯ ವಿಳಾಸ, ಏಜೆಂಟ್‌ನ ಸಂಖ್ಯೆ ಮನೆಯವರ ಬಳಿ ಇರಲಿ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ ನಿಮ್ಮ ಬಳಿ ಇರಲಿ. ಹಣ ಕಳೆದುಕೊಂಡ ಸೈಬರ್ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಾಲೇಜುಗಳ ಉದ್ಯೋಗ ವಿಭಾಗಗಳೂ ಮನಸ್ಸು ಮಾಡಬೇಕು. ಸಂದರ್ಶನ ಎದುರಿಸುವುದು ಹೇಗೆ ಎಂದು ಹೇಳಿಕೊಡುವವರು, ಸುಳ್ಳು ಸಂದರ್ಶನ ಗುರುತಿಸುವುದು ಹೇಗೆ ಎಂದೂ ಒಂದು ತಾಸು ಹೇಳಿಕೊಟ್ಟರೆ ಸಾಕು. ಮರಳಿ ಬಂದವರು ನಮ್ಮ ಊರಲ್ಲಿದ್ದರೆ ಅವರನ್ನು ಗೇಲಿ ಮಾಡದೆ ಕೇಳಿಸಿಕೊಳ್ಳೋಣ. ಅವರು ಹೇಳುವ ಒಂದು ಫೋನ್ ಸಂಖ್ಯೆ ಇನ್ನೊಬ್ಬರನ್ನು ಉಳಿಸಬಹುದು.

ವಾಯುಪಡೆಯ ವಿಮಾನ ಮೇ ಸೋಟ್‌ನಲ್ಲಿ ಇಳಿಯುವ ಹೊತ್ತಿಗೆ ಅಪರಾಧ ನಡೆದು ಮುಗಿದಿರುತ್ತದೆ. ಅದಕ್ಕಿಂತ ಬಹಳ ಮೊದಲೇ ಜಾಹೀರಾತು ಹಾಕಿದವನ, ಟಿಕೆಟ್ ಕೊಡಿಸಿದವನ, ಕಾರು ಓಡಿಸಿದವನ, ಹಣ ಎಣಿಸಿದವನ ವಿಳಾಸ ನಾಲ್ಕು ದೇಶಗಳ ಪೊಲೀಸರ ಮೇಜಿನ ಮೇಲೆ ಒಟ್ಟಿಗೆ ಇರಬೇಕು. ಆ ದಿನ ಬಂದಾಗ ಮೂರನೇ ಬಾರಿ ವಿಮಾನ ಕಳುಹಿಸುವ ಅಗತ್ಯವೇ ಬರದು.